ಅಸಲು ಎಳೆ, ನಕಲು ಎಳೆ: ಡಿಎನ್‌ಎ ನಕಲಿನ ಕಾವಲು ಮತ್ತು ದುರಸ್ತಿಯನ್ನು ಕಾಳುಗಳಲ್ಲಿ ಮಾಡಿ ತೋರಿಸುವ ವಿಧಾನ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಡಿಎನ್‌ಎ ನಕಲಿನ ಪಾಠ ಬಂದಾಗ ನಮ್ಮ ಕಲಬುರಗಿ ಭಾಗದ ವಿದ್ಯಾರ್ಥಿಗಳು ಕಿಣ್ವಗಳ ಹೆಸರನ್ನು ತಡವರಿಸದೆ ಒಪ್ಪಿಸುತ್ತಾರೆ. ಹೆಲಿಕೇಸ್ ಬಿಚ್ಚುತ್ತದೆ, ಪಾಲಿಮರೇಸ್ ಜೋಡಿಸುತ್ತದೆ, ಲೈಗೇಸ್ ಬೆಸೆಯುತ್ತದೆ ಎನ್ನುತ್ತಾರೆ. ಆದರೆ ಜೋಡಿಸುವಾಗ ಡಿಎನ್‌ಎಯ ನಾಲ್ಕು ಬಗೆಯ ಅಕ್ಷರಗಳಲ್ಲಿ (ಅಡೆನಿನ್, ಗ್ವಾನಿನ್, ಥೈಮಿನ್, ಸೈಟೊಸಿನ್) ಒಂದು ತಪ್ಪಿದರೆ ಅದು ತಪ್ಪೆಂದು ಜೀವಕೋಶಕ್ಕೆ ತಿಳಿಯುವುದು ಹೇಗೆ, ಎದುರುಬದುರು ನಿಂತ ಎರಡು ಅಕ್ಷರಗಳಲ್ಲಿ ಯಾವುದನ್ನು ಉಳಿಸಿ ಯಾವುದನ್ನು ಕೀಳಬೇಕು ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಜೇವರ್ಗಿ ಕಡೆಯ ಒಬ್ಬ ಹುಡುಗ ಒಮ್ಮೆ ಆ ಮೌನವನ್ನು ಮುರಿದು, "ಯಾದು ಅಸಲ್ ಅದ, ಯಾದು ನಕಲ್ ಅದ, ಅದಕ್ಕ ಹ್ಯಾಂಗ ಗೊತ್ತಾಗಬೇಕ್ರಿ ಸರ್?" ಎಂದು ನನ್ನನ್ನೇ ತಿರುಗಿ ಕೇಳಿದ. ಪಾಠದ ತಿರುಳೆಲ್ಲ ಆ ಪ್ರಶ್ನೆಯಲ್ಲಿಯೇ ಇದೆ. ಅಂದಿನಿಂದ ನಾನು ಈ ಪಾಠವನ್ನು ಹಲಗೆಯ ಮೇಲೆ ಬರೆಯುವುದನ್ನು ಕಡಿಮೆ ಮಾಡಿ, ನೆಲದ ಮೇಲೆ ಕಾಳುಗಳನ್ನಿಟ್ಟು ಮಾಡಿಸುತ್ತಿದ್ದೇನೆ. ಅದನ್ನು ಮಾಡಿಸುವ ಕ್ರಮವನ್ನು, ಪ್ರತಿ ಹಂತದಲ್ಲಿ ಜೀವಕೋಶದೊಳಗೆ ನಿಜವಾಗಿ ಏನು ನಡೆಯುತ್ತದೆ ಎಂಬ ವಿವರಣೆಯೊಂದಿಗೆ, ಸಹೋದ್ಯೋಗಿ ಉಪನ್ಯಾಸಕರಿಗಾಗಿಯೂ ತಾವೇ ಮಾಡಿ ನೋಡಬಯಸುವ ವಿದ್ಯಾರ್ಥಿಗಳಿಗಾಗಿಯೂ ಇಲ್ಲಿ ಬರೆದಿದ್ದೇನೆ.

ಸಾಮಗ್ರಿ

ಯಾವುದನ್ನೂ ಅಂಗಡಿಯಿಂದ ತರಬೇಕಿಲ್ಲ. ಶೇಂಗಾ, ಕಡಲೆ, ಜೋಳ, ಹೆಸರು ಇವನ್ನು ಎರಡೆರಡು ಹಿಡಿಯಷ್ಟು ವಿದ್ಯಾರ್ಥಿಗಳೇ ಮನೆಯಿಂದ ತರಲಿ. ಇವುಗಳ ಜೊತೆಗೆ ಒಂದು ಹಿಡಿ ತೊಗರಿ ಕಾಳು, ಒಂದಿಷ್ಟು ಸಿಪ್ಪೆ ತೆಗೆದ ಹೆಸರು ಬೇಳೆ, ಚೂರು ಬೆಲ್ಲ, ಸ್ವಲ್ಪ ಸುಣ್ಣ, ಚಾಕ್ ಮತ್ತು ಎರಡು ಮಾರು ಸುತಳಿ ಬೇಕು. ಅಡೆನಿನ್‌ಗೆ ಶೇಂಗಾ, ಗ್ವಾನಿನ್‌ಗೆ ಕಡಲೆ, ಥೈಮಿನ್‌ಗೆ ಜೋಳ, ಸೈಟೊಸಿನ್‌ಗೆ ಹೆಸರು ಎಂದು ಗೊತ್ತುಮಾಡಿಕೊಳ್ಳಿ. ಈ ಹಂಚಿಕೆಯನ್ನು ಬದಲಿಸಬೇಡಿ, ಏಕೆಂದರೆ ಅದಕ್ಕೊಂದು ಕಾರಣವಿದೆ. ಅಡೆನಿನ್ ಮತ್ತು ಗ್ವಾನಿನ್ ಎರಡು ಉಂಗುರಗಳುಳ್ಳ ದೊಡ್ಡ ಅಣುಗಳು. ಥೈಮಿನ್ ಮತ್ತು ಸೈಟೊಸಿನ್ ಒಂದೇ ಉಂಗುರದ ಸಣ್ಣ ಅಣುಗಳು. ದೊಡ್ಡದೊಂದು ಸಣ್ಣದೊಂದು ಎದುರುಬದುರಾದಾಗ ಮಾತ್ರ ಡಿಎನ್‌ಎ ಎಂಬ ಏಣಿಯ ಅಗಲ ಎಲ್ಲೆಡೆ ಒಂದೇ ಆಗಿ ನಿಲ್ಲುತ್ತದೆ. ಶೇಂಗಾದ ಎದುರು ಜೋಳ, ಕಡಲೆಯ ಎದುರು ಹೆಸರು ಇಟ್ಟರೆ ವಿದ್ಯಾರ್ಥಿಯ ಕಣ್ಣಿಗೆ ಆ ಅಗಲ ಕಾಣುತ್ತದೆ.

ನಮ್ಮ ಕಡೆಯ ಕೊಠಡಿಗಳಿಗೆ ಹೆಚ್ಚಾಗಿ ಶಹಾಬಾದಿ ಫರಸಿಯೇ ಹಾಸಿರುತ್ತದೆ. ಅದರ ಬೂದು ಮೈಮೇಲೆ ಚಾಕಿನ ಗೆರೆ ಚೆನ್ನಾಗಿ ಎದ್ದು ಕಾಣುತ್ತದೆ. ಪಾಲಿಶ್ ಮಾಡಿದ ಫರಸಿಯಾದರೆ ಹೆಸರು ಉರುಳಿ ಮೂಲೆ ಸೇರುತ್ತದೆ. ಆಗ ಹಳೆಯ ಧೋತರವೊಂದನ್ನು ನೀರಿಗೆ ಹಿಂಡಿ ಹಾಸಿಕೊಳ್ಳಿ. ಫ್ಯಾನ್ ಆರಿಸುವುದನ್ನು ಮರೆಯಬೇಡಿ.

ಉದ್ದಕ್ಕೆ ಎರಡು ಸಾಲು ಎಳೆದು, ಪ್ರತಿ ಸಾಲಿನಲ್ಲಿ 60 ಮನೆಗಳನ್ನು ಗುರುತಿಸಿ. ಮೇಲಿನ ಸಾಲನ್ನು ನೀವೇ ಮನಸ್ಸಿಗೆ ಬಂದ ಕ್ರಮದಲ್ಲಿ ತುಂಬಿ, ಕೆಳಗಿನ ಸಾಲನ್ನು ಜೋಡಿ ನಿಯಮದ ಪ್ರಕಾರ ತುಂಬಿಸಿ. ಎರಡು ಕಡೆಯಲ್ಲಿ ಮಾತ್ರ ಕಡಲೆ, ಶೇಂಗಾ, ಜೋಳ, ಹೆಸರು ಎಂಬ ಕ್ರಮ ಬರುವಂತೆ ನೋಡಿಕೊಳ್ಳಿ. ಅದರ ಉಪಯೋಗ ಮುಂದೆ ಬರುತ್ತದೆ. ಮೇಲಿನ ಸಾಲಿನ ಎಡತುದಿಗೆ 'ತಲೆ', ಬಲತುದಿಗೆ 'ಬಾಲ' ಎಂದು ಬರೆಯಿರಿ, ಕೆಳಗಿನ ಸಾಲಿಗೆ ಅದನ್ನೇ ತಿರುಗಿಸಿ ಬರೆಯಿರಿ. ಪುಸ್ತಕದಲ್ಲಿ ಐದು-ಪ್ರೈಮ್ ಮತ್ತು ಮೂರು-ಪ್ರೈಮ್ ಎಂದು ಬರುವ ತುದಿಗಳು ಇವೇ. ಎರಡು ಎಳೆಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಮಲಗಿವೆ ಎಂಬುದು ಇಲ್ಲಿ ಮನದಟ್ಟಾಗದಿದ್ದರೆ ಮುಂದಿನ ಯಾವ ಹಂತವೂ ತಿಳಿಯುವುದಿಲ್ಲ.

ಬಿಚ್ಚುವುದು ಮತ್ತು ಬಿಚ್ಚಿದ್ದನ್ನು ಕಾಯುವುದು

ಕಾಳುಗಳಿಗೆ ಕೈಹಚ್ಚುವ ಮುನ್ನ ಸುತಳಿಯ ಕೆಲಸ ಮುಗಿಸಿಕೊಳ್ಳಿ. ಸುತಳಿಯನ್ನು ಎರಡಾಗಿ ಮಡಿಸಿ ಬಿಗಿಯಾಗಿ ಹೊಸೆದು, ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯ ಎರಡು ಎಳೆಗಳನ್ನು ಇಬ್ಬರ ಕೈಗೆ ಕೊಟ್ಟು ಎಳೆಯಲು ಹೇಳಿ. ಸ್ವಲ್ಪ ದೂರ ಬಿಚ್ಚಿಕೊಂಡ ಮೇಲೆ ಮುಂದಿನ ಭಾಗದಲ್ಲಿ ಹುರಿ ಒತ್ತಾಗಿ, ಸುತಳಿ ತನ್ನ ಮೇಲೆ ತಾನೇ ಸುತ್ತಿಕೊಂಡು ಗಂಟಾಗುತ್ತದೆ. ಡಿಎನ್‌ಎಯಲ್ಲಿ ಸುಮಾರು ಹತ್ತೂವರೆ ಜೋಡಿಗೆ ಒಂದು ಸುತ್ತು. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ನಕಲು ಸೆಕೆಂಡಿಗೆ ಸುಮಾರು 1,000 ಅಕ್ಷರಗಳ ವೇಗದಲ್ಲಿ ಸಾಗುವುದರಿಂದ, ಕವಲಿನ, ಅಂದರೆ ಎರಡು ಎಳೆಗಳು ಬೇರೆಯಾಗುತ್ತಿರುವ ಜಾಗದ, ಮುಂದೆ ಪ್ರತಿ ಸೆಕೆಂಡಿಗೆ ನೂರರ ಹತ್ತಿರ ಸುತ್ತುಗಳನ್ನು ಬಿಡಿಸಬೇಕಾಗುತ್ತದೆ. ಮನುಷ್ಯರ ಜೀವಕೋಶದಲ್ಲಿ ವೇಗ ಸೆಕೆಂಡಿಗೆ 50 ಅಕ್ಷರಗಳ ಆಸುಪಾಸು ಇರುವುದರಿಂದ ಐದು ಸುತ್ತಿನಷ್ಟು ಸಾಕು. ಟೋಪೋಐಸೋಮರೇಸ್ ಎಂಬ ಕಿಣ್ವಗಳು ಎಳೆಯನ್ನು ಕತ್ತರಿಸಿ, ಹುರಿ ಇಳಿಸಿ, ಮತ್ತೆ ಬೆಸೆಯುತ್ತವೆ. ಈ ಕೆಲಸ ಮಾಡುವ ಬ್ಯಾಕ್ಟೀರಿಯಾದ ಕಿಣ್ವವನ್ನು ಕತ್ತರಿಸಿದ ಸ್ಥಿತಿಯಲ್ಲಿಯೇ ಹಿಡಿದು ನಿಲ್ಲಿಸುವ ಔಷಧ ಸಿಪ್ರೊಫ್ಲಾಕ್ಸಾಸಿನ್. ಮಾತ್ರೆಯ ಹೆಸರು ಹೇಳಿದೊಡನೆ ಅರ್ಧ ತರಗತಿ ತಲೆಯಾಡಿಸುತ್ತದೆ.

ಬಿಚ್ಚಿದ ಒಂಟಿ ಎಳೆ ಬೆತ್ತಲೆಯಾಗಿ ನಿಂತರೆ ಅಪಾಯ. ಅದು ತನ್ನೊಡನೆ ತಾನೇ ಜೋಡಿಯಾಗಿ ಮಡಿಸಿಕೊಳ್ಳಬಹುದು, ಕತ್ತರಿಸುವ ಕಿಣ್ವಗಳ ಬಾಯಿಗೆ ಬೀಳಬಹುದು. ಆದ್ದರಿಂದ ಒಂಟಿ ಎಳೆಗೆ ಅಂಟಿಕೊಳ್ಳುವ ಪ್ರೋಟೀನುಗಳು ಅದನ್ನು ಕೂಡಲೇ ಹೊದಿಸುತ್ತವೆ. ಮನುಷ್ಯರಲ್ಲಿ ಆ ಹೊದಿಕೆಯ ಹೆಸರು ಆರ್‌ಪಿಎ. ಇದನ್ನು ತೋರಿಸಲು ಬಿಚ್ಚಿದ ಸುತಳಿಯ ಉದ್ದಕ್ಕೂ ನಾಲ್ಕೈದು ಮಂದಿ ಬೆರಳಿನಿಂದ ಹಿಡಿದು ನಿಂತರೆ ಸಾಕು. ಈ ಹೊದಿಕೆ ಕಾವಲಷ್ಟೇ ಅಲ್ಲ, ಗಂಟೆಯೂ ಹೌದು ಎಂಬುದನ್ನು ಕವಲು ನಿಲ್ಲುವ ಭಾಗಕ್ಕೆ ಬಂದಾಗ ನೆನಪಿಸಿ.

ಮೊದಲ ಸುತ್ತು: ಪರೀಕ್ಷೆಯಿಲ್ಲದ ನಕಲು

ಈಗ ಎರಡು ಸಾಲುಗಳನ್ನು ಬೇರ್ಪಡಿಸಿ, ನಡುವೆ ಹೊಸ ಸಾಲುಗಳಿಗೆ ಜಾಗ ಬಿಡಿ. ಪಾಲಿಮರೇಸ್ ಖಾಲಿ ಜಾಗದಲ್ಲಿ ಕೆಲಸ ಆರಂಭಿಸಲಾರದು. ಅದಕ್ಕೆ ಹಿಡಿದುಕೊಳ್ಳಲು ಒಂದು ಚಿಕ್ಕ ಆರ್‌ಎನ್‌ಎ ತುಣುಕು ಬೇಕು. ಅದರ ಗುರುತಿಗೆ ಆರಂಭದ ಐದು ಮನೆಗಳಲ್ಲಿ ತೊಗರಿ ಕಾಳು ಇಡಿಸಿ. ಅಲ್ಲಿಂದ ಮುಂದೆ ಇಬ್ಬರು ವಿದ್ಯಾರ್ಥಿಗಳು ಹಳೆಯ ಸಾಲುಗಳನ್ನು ನೋಡಿ ಹೊಸ ಸಾಲುಗಳನ್ನು ತುಂಬಲಿ. ಒಬ್ಬನು ಕವಲು ಬಿಚ್ಚಿದ ಹಾಗೆ ನೇರವಾಗಿ ಮುಂದುವರಿಯುತ್ತಾನೆ. ಇನ್ನೊಬ್ಬನು ಬಿಚ್ಚಿದಷ್ಟು ಜಾಗದಲ್ಲಿ ಹಿಮ್ಮುಖವಾಗಿ ತುಂಬಿ, ಮತ್ತೆ ಮುಂದೆ ಬಂದು ಹೊಸ ತೊಗರಿಯಿಂದ ಆರಂಭಿಸಬೇಕು. 1960ರ ದಶಕದ ಕೊನೆಯಲ್ಲಿ ಜಪಾನಿನ ರೈಜಿ ಒಕಾಝಾಕಿ ಮತ್ತು ತ್ಸುನೆಕೊ ಒಕಾಝಾಕಿ ದಂಪತಿ ಕಂಡುಹಿಡಿದ ತುಣುಕುಗಳು ಇವೇ. ಬ್ಯಾಕ್ಟೀರಿಯಾದಲ್ಲಿ ಇವು 1,000ದಿಂದ 2,000 ಅಕ್ಷರಗಳಷ್ಟು ಉದ್ದ, ನಮ್ಮ ಜೀವಕೋಶಗಳಲ್ಲಿ 100ರಿಂದ 200ರಷ್ಟು ಮಾತ್ರ.

ಗಡಿಯಾರ ನೋಡಿ ಎರಡು ನಿಮಿಷ ಮಾತ್ರ ಕೊಡಿ, ಸುತ್ತ ನಿಂತವರು ಅವಸರ ಮಾಡಲಿ. ಮುಗಿದ ಮೇಲೆ ತಪ್ಪುಗಳನ್ನು ಎಣಿಸಿ, ಯಾವ ಕಾಳಿನ ಎದುರು ಯಾವ ಕಾಳು ಬಂದಿದೆ ಎಂದು ಹಲಗೆಯ ಮೇಲೆ ಬರೆಸಿ. ಶೇಂಗಾದ ಎದುರು ಕಡಲೆ ಬಂದಿದ್ದರೆ ಇಟ್ಟವನಿಗೇ ಅದು ಚುಚ್ಚುತ್ತದೆ, ಏಕೆಂದರೆ ಎರಡೂ ದೊಡ್ಡವು, ಸಾಲು ಉಬ್ಬುತ್ತದೆ. ಕಡಲೆಯ ಎದುರು ಜೋಳ ಬಂದಿದ್ದರೆ ಮಾತ್ರ ಹಲವರ ಕಣ್ಣಿಗೆ ಬೀಳುವುದಿಲ್ಲ. ದೊಡ್ಡದರ ಎದುರು ಸಣ್ಣದು ಇದೆ, ಅಗಲ ಸರಿಯಾಗಿದೆ. ನಿಜವಾದ ಡಿಎನ್‌ಎಯಲ್ಲೂ ಗ್ವಾನಿನ್ ಮತ್ತು ಥೈಮಿನ್ ಸ್ವಲ್ಪ ಓರೆಯಾಗಿ ನಿಂತು ಸರಿಯಾದ ಜೋಡಿಯ ಆಕಾರವನ್ನೇ ಹೋಲುವುದರಿಂದ, ಪಾಲಿಮರೇಸ್ ಮೋಸಹೋಗುವ ಜೋಡಿಗಳಲ್ಲಿ ಅದೇ ಮುಂದು. ನಾನು ಈ ಹಂಚಿಕೆಯನ್ನು ಆರಿಸಿಕೊಂಡಾಗ ಇಷ್ಟು ಹೊಂದುತ್ತದೆ ಎಂದು ಎಣಿಸಿರಲಿಲ್ಲ.

ಎರಡನೆಯ ಸುತ್ತು: ಇಟ್ಟ ಬೆರಳೇ ತಡವಿ ನೋಡುವುದು

ಹೊಸ ಸಾಲುಗಳನ್ನು ಅಳಿಸಿ ಮತ್ತೆ ಆರಂಭಿಸಿ. ಈ ಸಲ ನಿಯಮ ಹೀಗಿರಲಿ: ಪ್ರತಿ ಕಾಳು ಇಟ್ಟ ಕೂಡಲೇ ಇಟ್ಟವನು ಅದನ್ನು ಬೆರಳಿನಿಂದ ಮುಟ್ಟಿ, ಎದುರಿನ ಕಾಳನ್ನು ನೋಡಿ, ಸರಿಯಿದ್ದರೆ ಮಾತ್ರ ಮುಂದಕ್ಕೆ ಹೋಗಬೇಕು, ತಪ್ಪಿದ್ದರೆ ಕೊನೆಯ ಕಾಳನ್ನಷ್ಟೇ ತೆಗೆದು ಮತ್ತೊಂದು ಇಡಬೇಕು. ಹಿಂದೆ ಹೋಗಿ ಹಳೆಯ ತಪ್ಪು ತಿದ್ದುವಂತಿಲ್ಲ. ಪಾಲಿಮರೇಸ್ ಮಾಡುವುದು ಇಷ್ಟನ್ನೇ. ಆರ್ಥರ್ ಕಾರ್ನ್‌ಬರ್ಗ್ 1956ರಲ್ಲಿ ಇ. ಕೋಲಿಯಿಂದ ಮೊದಲ ಡಿಎನ್‌ಎ ಪಾಲಿಮರೇಸನ್ನು ಬೇರ್ಪಡಿಸಿದಾಗ, ಅದು ಜೋಡಿಸುವುದರ ಜೊತೆಗೆ ತುದಿಯಿಂದ ಕತ್ತರಿಸುವ ಗುಣವನ್ನೂ ಹೊಂದಿತ್ತು; ಆ ಗುಣ ಕಿಣ್ವದ ದೋಷವಲ್ಲ, ಕಾವಲು ಎಂಬುದು ಆಮೇಲೆ ತಿಳಿಯಿತು. ತಪ್ಪು ಜೋಡಿ ಕೂತಾಗ ಎಳೆಯ ತುದಿ ಸಡಿಲವಾಗುತ್ತದೆ, ಮುಂದಿನ ಅಕ್ಷರ ಸೇರುವುದು ನಿಧಾನವಾಗುತ್ತದೆ, ಆ ವಿಳಂಬದಲ್ಲಿ ತುದಿಯು ಕಿಣ್ವದ ಕತ್ತರಿಸುವ ಕೋಣೆಗೆ ಜಾರಿ, ತಪ್ಪು ಅಕ್ಷರ ಬಿದ್ದುಹೋಗುತ್ತದೆ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಎರಡನೆಯ ವಿದ್ಯಾರ್ಥಿ ಏಕೆ ಹಿಮ್ಮುಖವಾಗಿ, ತುಣುಕು ತುಣುಕಾಗಿ ಪೇಚಾಡಬೇಕು, ಎರಡೂ ದಿಕ್ಕಿಗೆ ಜೋಡಿಸಬಲ್ಲ ಕಿಣ್ವವಿದ್ದರೆ ಸುಲಭವಾಗುತ್ತಿರಲಿಲ್ಲವೇ ಎಂಬ ಪ್ರಶ್ನೆಗೆ ಪರೀಕ್ಷೆಯ ಉತ್ತರ "ಪಾಲಿಮರೇಸ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ" ಎಂಬುದು. ಅದು ಉತ್ತರವಲ್ಲ, ಪ್ರಶ್ನೆಯನ್ನೇ ತಿರುಗಿಸಿ ಹೇಳಿದ್ದು. ಉತ್ತರವನ್ನು ಬುತ್ತಿಯಿಂದ ವಿವರಿಸಬಹುದು. ಹೊಲಕ್ಕೆ ಬರುವ ಆಳು ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬರುವಂತೆ, ಹೊಸದಾಗಿ ಸೇರುವ ಪ್ರತಿ ಅಕ್ಷರವೂ ಬೆಸುಗೆಗೆ ಬೇಕಾದ ಶಕ್ತಿಯನ್ನು ತನ್ನ ಮೂರು ಫಾಸ್ಫೇಟುಗಳಲ್ಲಿ ಹೊತ್ತು ತರುತ್ತದೆ. ತಪ್ಪಾಗಿ ಬಂದ ಒಬ್ಬನನ್ನು ಕಳಿಸಿಬಿಟ್ಟರೂ, ಮುಂದೆ ಬರುವವನ ಕೈಯಲ್ಲಿ ಅವನ ಬುತ್ತಿ ಇರುತ್ತದೆ, ಕೆಲಸ ನಿಲ್ಲುವುದಿಲ್ಲ. ಎಳೆ ವಿರುದ್ಧ ದಿಕ್ಕಿಗೆ ಬೆಳೆಯುವಂತಿದ್ದರೆ ಬುತ್ತಿ ಇರುತ್ತಿದ್ದುದು ಸಾಲಿನ ಕೊನೆಯಲ್ಲಿ ಆಗಲೇ ಕೂತವನ ಬಳಿ. ಅವನನ್ನು ತಪ್ಪೆಂದು ತೆಗೆದರೆ ಅವನೊಂದಿಗೆ ಬುತ್ತಿಯೂ ಹೋಗಿ, ಸಾಲು ಅಲ್ಲಿಗೇ ನಿಂತುಬಿಡುತ್ತಿತ್ತು. ಅಂದರೆ ತಿದ್ದುಪಡಿಗೆ ಅವಕಾಶ ಉಳಿಯುವುದು ಒಂದೇ ದಿಕ್ಕಿನ ಜೋಡಣೆಯಲ್ಲಿ. ಒಕಾಝಾಕಿ ತುಣುಕುಗಳ ತೊಂದರೆಯನ್ನು ಜೀವಕೋಶ ಸಹಿಸಿಕೊಂಡಿರುವುದಕ್ಕೆ ನನಗೆ ಒಪ್ಪಿಗೆಯಾಗುವ ಕಾರಣ ಇದೇ.

ಲೆಕ್ಕವನ್ನು ಹಲಗೆಯ ಮೇಲೆ ಮಾಡಿಸಿ. ಮನುಷ್ಯರ ಒಂದು ಜೀವಕೋಶದಲ್ಲಿ, ತಾಯಿಯ ಮತ್ತು ತಂದೆಯ ಪಾಲು ಸೇರಿ, ಸುಮಾರು 640 ಕೋಟಿ ಜೋಡಿಗಳಿವೆ. ಎರಡೂ ಎಳೆಗಳಿಗೆ ನಕಲಾಗಬೇಕಾದ್ದರಿಂದ ಒಂದು ವಿಭಜನೆಗೆ ಸುಮಾರು 1,280 ಕೋಟಿ ಅಕ್ಷರಗಳನ್ನು ಹೊಸದಾಗಿ ಇಡಬೇಕು. ಅಕ್ಷರ ಇಡುವಾಗಿನ ಆಯ್ಕೆಯನ್ನು ಮಾತ್ರ ನಂಬಿದರೆ ಲಕ್ಷಕ್ಕೊಂದು ತಪ್ಪು ಎಂದು ಹಿಡಿಯಿರಿ: 1,28,000 ತಪ್ಪುಗಳು. ಬೆರಳಿನ ಪರೀಕ್ಷೆ ಸೇರಿದರೆ ಕೋಟಿಗೊಂದು: 1,280. ಇನ್ನೂ ಉಳಿದ ಈ ಸಾವಿರಕ್ಕೆ ಮೂರನೆಯ ಸುತ್ತು ಬೇಕು.

ಮೂರನೆಯ ಸುತ್ತು: ಅಸಲನ್ನು ಗುರುತಿಸುವುದು

ಇದೇ ಈ ಪಾಠದ ಹೊಟ್ಟೆ. ಅರ್ಧ ತಾಸಾದರೂ ಇದಕ್ಕೆ ಕೊಡಿ.

ಕಡಲೆ, ಶೇಂಗಾ, ಜೋಳ, ಹೆಸರು ಎಂಬ ಕ್ರಮ ಎರಡು ಕಡೆ ಇರಲಿ ಎಂದಿದ್ದೆನಲ್ಲ, ಹಳೆಯ ಸಾಲುಗಳಲ್ಲಿ ಆ ಕ್ರಮದ ಶೇಂಗಾ ಕಾಳಿಗೆ ಸುಣ್ಣದ ಒಂದು ಬೊಟ್ಟು ಇಡಿಸಿ. ಎದುರಿನ ಹಳೆಯ ಸಾಲನ್ನು ಅದರ ತಲೆಯಿಂದ ಓದಿದರೂ ಅದೇ ಕ್ರಮ ಬರುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಓದಿ ಕಂಡುಕೊಳ್ಳಲಿ. ಅಲ್ಲಿಯೂ ಬೊಟ್ಟು ಬೀಳುತ್ತದೆ. ಹೊಸ ಸಾಲುಗಳಿಗೆ ಬೊಟ್ಟು ಇಲ್ಲ. ಇ. ಕೋಲಿಯಲ್ಲಿ ಈ ಬೊಟ್ಟು ಅಡೆನಿನ್‌ಗೆ ಅಂಟಿದ ಒಂದು ಮೀಥೈಲ್ ಗುಂಪು. ಅದನ್ನು ಅಂಟಿಸುವ ಕಿಣ್ವ ನಕಲಿನ ಹಿಂದೆ ಸ್ವಲ್ಪ ತಡವಾಗಿ ಬರುತ್ತದೆ, ಆದ್ದರಿಂದ ಕೆಲವೇ ನಿಮಿಷಗಳ ಕಾಲ ಹಳೆಯ ಎಳೆಗೆ ಬೊಟ್ಟು ಇದ್ದು ಹೊಸ ಎಳೆಗೆ ಇರುವುದಿಲ್ಲ.

ಈಗ ವಿದ್ಯಾರ್ಥಿಗಳನ್ನು ಹೊರಗೆ ಕಳಿಸಿ, ಒಂದು ಹೊಸ ಸಾಲಿನಲ್ಲಿ ಕಡಲೆಯ ಎದುರಿನ ಹೆಸರನ್ನು ತೆಗೆದು ಜೋಳ ಇಡಿ. ಮೂವರನ್ನು ಒಳಗೆ ಕರೆಯಿರಿ. ಮೊದಲನೆಯವನು ಎರಡು ಸಾಲುಗಳ ನಡುವೆ ಬೆರಳಾಡಿಸಿ ತಪ್ಪು ಜೋಡಿಯನ್ನು ಹುಡುಕಬೇಕು. ಅವನು ಮ್ಯುಟ್-ಎಸ್ ಎಂಬ ಪ್ರೋಟೀನು. ಎರಡನೆಯವನು, ಅಂದರೆ ಮ್ಯುಟ್-ಎಲ್, ಅವನ ಕೈ ಹಿಡಿದು ಮೂರನೆಯವನನ್ನು ಕರೆಯಬೇಕು. ಮೂರನೆಯವನು ಮ್ಯುಟ್-ಎಚ್, ಅವನು ತಪ್ಪಿನ ಜಾಗಕ್ಕೆ ಹೋಗುವುದಿಲ್ಲ, ಹತ್ತಿರದ ಬೊಟ್ಟಿನ ಜಾಗಕ್ಕೆ ಹೋಗಿ, ಬೊಟ್ಟಿಲ್ಲದ ಎಳೆಯನ್ನು ಅಲ್ಲಿ ಕತ್ತರಿಸುತ್ತಾನೆ. ಆ ಕತ್ತರಿಯಿಂದ ಹಿಡಿದು ತಪ್ಪು ಕಾಳನ್ನು ದಾಟುವವರೆಗೆ ಹೊಸ ಸಾಲಿನ ಎಲ್ಲ ಕಾಳುಗಳನ್ನೂ ಕಿತ್ತು, ಮತ್ತೆ ಮೊದಲಿನಿಂದ ತುಂಬಿಸಿ, ಲೈಗೇಸ್ ಆದವನು ಕೊನೆಯ ಸಂದಿಯನ್ನು ಬೆಸೆಯಬೇಕು. ಒಂದು ಕಾಳಿಗಾಗಿ ಇಪ್ಪತ್ತು ಕಾಳು ಕೀಳುವುದು ದಂಡವೆಂದು ವಿದ್ಯಾರ್ಥಿಗಳು ಹೇಳುತ್ತಾರೆ. ಇ. ಕೋಲಿಯಲ್ಲಿ ಕೆಲವೊಮ್ಮೆ ಸಾವಿರ ಅಕ್ಷರಗಳವರೆಗೂ ಹೀಗೆ ಕಿತ್ತು ಹಾಕಲಾಗುತ್ತದೆ. ಪಾಲ್ ಮೋಡ್ರಿಚ್ ಈ ಕೆಲಸವನ್ನು ಹಂತಹಂತವಾಗಿ ಬಿಡಿಸಿ ತೋರಿಸಿದವರು; 2015ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಅವರು ತೋಮಸ್ ಲಿಂಡಾಲ್ ಮತ್ತು ಅಜೀಜ್ ಸಂಜಾರ್ ಅವರೊಂದಿಗೆ ಹಂಚಿಕೊಂಡರು.

ಇದಾದ ಮೇಲೆ ಅದೇ ತಪ್ಪನ್ನು ಮತ್ತೆ ಇಟ್ಟು, ಈ ಸಲ ಒದ್ದೆ ಬಟ್ಟೆಯಿಂದ ಬೊಟ್ಟುಗಳನ್ನೆಲ್ಲ ಒರೆಸಿ, ಬೇರೆ ಮೂವರನ್ನು ಕರೆಯಿರಿ. ತಪ್ಪು ಜೋಡಿ ಅವರಿಗೆ ಸಿಗುತ್ತದೆ, ಆದರೆ ಕೀಳಬೇಕಾದ್ದು ಕಡಲೆಯನ್ನೋ ಜೋಳವನ್ನೋ ಎಂದು ಹೇಳಲು ಅವರ ಬಳಿ ಯಾವ ಆಧಾರವೂ ಇರುವುದಿಲ್ಲ. ಎತ್ತಿ ಹಾಕಿದ ನಾಣ್ಯದಂತೆ ಅರ್ಧ ಸಲ ಅಸಲನ್ನೇ ಕಿತ್ತು ನಕಲಿಗೆ ಹೊಂದಿಸಿಬಿಡುತ್ತಾರೆ. ದುರಸ್ತಿ ಮಾಡುವವರ ಕೈ ಎಷ್ಟೇ ಚೊಕ್ಕವಾಗಿರಲಿ, ಯಾವುದು ಅಸಲು ಎಂಬ ಗುರುತು ಇಲ್ಲದಿದ್ದರೆ ಆ ದುರಸ್ತಿಯೇ ಹೊಸ ತಪ್ಪನ್ನು ಹುಟ್ಟಿಸುತ್ತದೆ. ಜೇವರ್ಗಿಯ ಹುಡುಗ ಕೇಳಿದ್ದು ಇದನ್ನೇ.

ಮನುಷ್ಯರ ಜೀವಕೋಶದಲ್ಲಿ ಸುಣ್ಣದ ಬೊಟ್ಟಿನ ಈ ಪದ್ಧತಿ ಇಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು, ಇಲ್ಲವಾದರೆ ವಿದ್ಯಾರ್ಥಿಗಳು ಎಲ್ಲ ಜೀವಿಗಳಿಗೂ ಇದನ್ನೇ ಬರೆಯುತ್ತಾರೆ. ನಮ್ಮಲ್ಲಿ ಹೊಸ ಎಳೆಯನ್ನು ಬಿಟ್ಟುಕೊಡುವುದು ಅದರ ಮೈಮೇಲಿನ ಬಿರುಕುಗಳು. ಒಕಾಝಾಕಿ ತುಣುಕುಗಳ ನಡುವಿನ ಇನ್ನೂ ಬೆಸೆಯದ ಸಂದಿಗಳು ಹೊಸ ಎಳೆಯಲ್ಲಿ ಮಾತ್ರ ಇರುತ್ತವೆ. ಪಾಲಿಮರೇಸನ್ನು ಎಳೆಗೆ ಕಟ್ಟಿಹಿಡಿಯುವ ಪಿಸಿಎನ್‌ಎ ಎಂಬ ಬಳೆಯು ಯಾವ ಮುಖವಾಗಿ ಕೂತಿದೆ ಎಂಬುದೂ ದಿಕ್ಕು ತೋರಿಸುತ್ತದೆ. ಮ್ಯುಟ್-ಎಸ್‌ನ ಕೆಲಸವನ್ನು ನಮ್ಮಲ್ಲಿ ಎಂಎಸ್‌ಎಚ್-2 ಮತ್ತು ಎಂಎಸ್‌ಎಚ್-6, ಮ್ಯುಟ್-ಎಲ್‌ನ ಕೆಲಸವನ್ನು ಎಂಎಲ್‌ಎಚ್-1 ಮತ್ತು ಪಿಎಂಎಸ್-2 ಜೊತೆಗೂಡಿ ಮಾಡುತ್ತವೆ. ಇವುಗಳ ಪೈಕಿ ಒಂದರ ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ಸ್ಥಿತಿಗೆ ಲಿಂಚ್ ಸಿಂಡ್ರೋಮ್ ಎಂದು ಹೆಸರು. ಅಂಥ ಕುಟುಂಬಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲಿಯೇ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಲೆಕ್ಕಕ್ಕೆ ಮರಳಿದರೆ, ಮೂರೂ ಕಾವಲು ಸರಿಯಾಗಿದ್ದಾಗ ತಪ್ಪು ನೂರು ಕೋಟಿಗೆ ಒಂದು ಅಥವಾ ಅದಕ್ಕಿಂತ ಕಡಿಮೆ. 1,280 ಇದ್ದದ್ದು ಹದಿಮೂರಕ್ಕೆ ಇಳಿದು, ಅದೂ ಎರಡು ಮರಿಕೋಶಗಳಿಗೆ ಹಂಚಿಹೋಗುತ್ತದೆ.

ಈ ಹಂತದಲ್ಲಿ ನಾನು ನಮ್ಮ ಮನೆಯ ಪಹಣಿಯ ಕಥೆ ಹೇಳುತ್ತೇನೆ. ಅಜ್ಜನ ಕಾಲದ ಕಾಗದದಲ್ಲಿ ಹಿಸ್ಸಾ ಸಂಖ್ಯೆ ೬ ಎಂದಿದ್ದುದನ್ನು ಯಾವುದೋ ಕಚೇರಿಯಲ್ಲಿ ಯಾರೋ ೯ ಎಂದು ಇಳಿಸಿದ್ದರು. ಮೂಲ ಕಾಗದ ಪಕ್ಕದಲ್ಲಿದ್ದಾಗಲೇ ನೋಡಿದ್ದರೆ ಒಂದು ಗೀಟಿನ ಕೆಲಸವಾಗಿತ್ತು. ನೋಡಿದ್ದು ಆ ನಕಲಿನಿಂದ ಇನ್ನೆರಡು ನಕಲುಗಳಾದ ಮೇಲೆ; ಆಗ ಎಲ್ಲ ಕಾಗದಗಳೂ ಒಂದಕ್ಕೊಂದು ತಾಳೆಯಾಗುತ್ತಿದ್ದವು, ತಪ್ಪೆಂದು ಸಾಧಿಸಲು ಅಪ್ಪ ಮೂರು ವರ್ಷ ಅಲೆದರು. ಭೂದಾಖಲೆ ಬದಲಾವಣೆಗೆ ನಮ್ಮ ಕಡೆ ಹೇಳುವ ಮ್ಯುಟೇಶನ್ ಎಂಬ ಪದವೇ ಜೀವಶಾಸ್ತ್ರದಲ್ಲೂ ಇರುವುದು ವಿದ್ಯಾರ್ಥಿಗಳಿಗೆ ನಗು ತರಿಸುತ್ತದೆ.

ನಕಲಿನದಲ್ಲದ ಕೇಡು

ಮೇಲಿನವು ನಕಲು ಮಾಡುವಾಗಿನ ತಪ್ಪುಗಳು. ಅಸಲು ಎಳೆಯೇ ಕೆಡುವ ಸಂದರ್ಭಗಳು ಬೇರೆ. ಹಳೆಯ ಸಾಲಿನಲ್ಲಿ ಒಂದು ಹೆಸರು ಕಾಳನ್ನು ತೆಗೆದು ಹೆಸರು ಬೇಳೆ ಇಡಿ. ಸೈಟೊಸಿನ್ ನೀರಿನ ಸಂಗದಲ್ಲಿ ತನ್ನ ಅಮೈನೊ ಗುಂಪನ್ನು ತಾನಾಗಿ ಕಳೆದುಕೊಂಡು, ಆರ್‌ಎನ್‌ಎಯಲ್ಲಿ ಥೈಮಿನ್ ಬದಲಿಗೆ ಇರುವ ಯುರಾಸಿಲ್ ಆಗುವುದು ಕಾಳು ಸಿಪ್ಪೆ ಕಳಚಿಕೊಂಡ ಹಾಗೆಯೇ. ನಮ್ಮ ಪ್ರತಿ ಜೀವಕೋಶದಲ್ಲಿ ದಿನಕ್ಕೆ ನೂರರ ಆಸುಪಾಸು ಇಂಥವು ನಡೆಯುತ್ತವೆ. ಅಡೆನಿನ್ ಅಥವಾ ಗ್ವಾನಿನ್ ಪೂರ್ತಿಯಾಗಿ ಉದುರಿಹೋಗುವುದಂತೂ ದಿನಕ್ಕೆ ಸಾವಿರಗಳ ಲೆಕ್ಕದಲ್ಲಿದೆ. ಯುರಾಸಿಲ್ ಜೋಡಿಯಾಗುವುದು ಅಡೆನಿನ್ ಜೊತೆ. ಆದ್ದರಿಂದ ಕವಲು ಬಂದು ತಲುಪುವ ಮೊದಲೇ ಅದನ್ನು ತೆಗೆಯದಿದ್ದರೆ ಕಡಲೆ ಇರಬೇಕಾದಲ್ಲಿ ಶೇಂಗಾ ಬಂದು ಕೂರುತ್ತದೆ. 1974ರಲ್ಲಿ ಲಿಂಡಾಲ್ ಕಂಡುಹಿಡಿದ ಕಿಣ್ವ ಈ ಬೇಳೆಯನ್ನು ಮಾತ್ರ ಹೆಕ್ಕಿ ತೆಗೆಯುತ್ತದೆ, ಬೆನ್ನೆಲುಬಿಗೆ ಕೈಹಚ್ಚುವುದಿಲ್ಲ. ಆಮೇಲೆ ಬೇರೊಂದು ಕಿಣ್ವ ಆ ಖಾಲಿ ಮನೆಯಲ್ಲಿ ಎಳೆಯನ್ನು ಕತ್ತರಿಸುತ್ತದೆ, ಸರಿಯಾದ ಅಕ್ಷರ ತುಂಬಿ ಬೆಸುಗೆಯಾಗುತ್ತದೆ. ಡಿಎನ್‌ಎಯಲ್ಲಿ ಯುರಾಸಿಲ್ ಬದಲು ಥೈಮಿನ್ ಏಕಿದೆ ಎಂಬ ಪ್ರಶ್ನೆಗೆ ಇಲ್ಲಿಯೇ ಉತ್ತರ ಸಿಗುತ್ತದೆ: ಯುರಾಸಿಲ್ ಸಹಜ ಅಕ್ಷರವಾಗಿದ್ದರೆ ಯಾವುದು ಕೆಟ್ಟ ಸೈಟೊಸಿನ್, ಯಾವುದು ನಿಜವಾದ ಯುರಾಸಿಲ್ ಎಂದು ಹೆಕ್ಕುವವರಿಗೆ ತಿಳಿಯುತ್ತಿರಲಿಲ್ಲ.

ಎರಡನೆಯದಕ್ಕೆ, ಅಕ್ಕಪಕ್ಕದಲ್ಲಿರುವ ಎರಡು ಜೋಳದ ಕಾಳುಗಳನ್ನು ಬೆಲ್ಲದ ಪಾಕದಿಂದ ಅಂಟಿಸಿ. ಬಿಸಿಲಿನ ನೇರಳಾತೀತ ಕಿರಣ ಎರಡು ಥೈಮಿನ್‌ಗಳನ್ನು ಹೀಗೆ ಬೆಸೆಯುತ್ತದೆ. ಕಲಬುರಗಿಯ ಮೇ ತಿಂಗಳಿನ ಉರಿಯಲ್ಲಿ ಕೂತು ಈ ಪಾಠ ಓದುವ ವಿದ್ಯಾರ್ಥಿಗಳು ಸೆಕೆಯೇ ಡಿಎನ್‌ಎಯನ್ನು ಕೆಡಿಸುತ್ತದೆ ಎಂದು ತಿಳಿಯುತ್ತಾರೆ. ಇಲ್ಲಿ ಕೇಡು ಮಾಡುವುದು ಬಿಸಿಯಲ್ಲ, ಕಿರಣ, ತಂಪು ಬೆಟ್ಟದ ಮೇಲೂ ಅದು ಮಾಡುತ್ತದೆ ಎಂದು ತಿದ್ದಿ. ಅಂಟಿದ ಜೋಡಿಯಿಂದ ಎಳೆ ಸೊಟ್ಟಗಾಗುತ್ತದೆ, ಸೊಟ್ಟವನ್ನು ಗುರುತಿಸುವ ಪ್ರೋಟೀನುಗಳು ಅದರ ಎರಡೂ ಬದಿಗೆ ಕತ್ತರಿಸಿ ಮೂವತ್ತರ ಆಸುಪಾಸು ಅಕ್ಷರಗಳ ತುಂಡನ್ನೇ ಎತ್ತಿ ಬಿಸಾಡುತ್ತವೆ. ಬ್ಯಾಕ್ಟೀರಿಯಾದಲ್ಲಿ ಆ ತುಂಡು ಹನ್ನೆರಡು–ಹದಿಮೂರು ಅಕ್ಷರಗಳದ್ದು. ಸಂಜಾರ್ ಅವರ ಕೆಲಸ ಇದರ ಮೇಲಿನದು. ಈ ದುರಸ್ತಿ ಹುಟ್ಟಿನಿಂದಲೇ ಇಲ್ಲದ ಮಕ್ಕಳ ಕಾಯಿಲೆ ಜೀರೋಡರ್ಮಾ ಪಿಗ್ಮೆಂಟೋಸಮ್. ಸ್ವಲ್ಪ ಬಿಸಿಲಿಗೂ ಚರ್ಮ ಸುಡುತ್ತದೆ, ಚಿಕ್ಕಂದಿನಲ್ಲಿಯೇ ಚರ್ಮದ ಕ್ಯಾನ್ಸರ್ ಬರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಈ ಕಾಯಿಲೆ. ಅಕ್ಕನ ಮಗಳನ್ನು ತರುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಇರುವುದರಿಂದ, ಒಂದೇ ಹಿರಿಯರಿಂದ ಬಂದ ಕೆಟ್ಟ ಪ್ರತಿಗಳು ಒಂದೇ ಮಗುವಿನಲ್ಲಿ ಕೂಡುವ ಸಂಭವ ಹೆಚ್ಚುತ್ತದೆ ಎಂಬುದನ್ನು ಯಾರ ಮನೆಯನ್ನೂ ಬೆರಳಿಟ್ಟು ತೋರಿಸದೆ ಹೇಳಿ.

ಕವಲು ನಿಂತಾಗ

ಬೆಲ್ಲದ ಜೋಡಿಯನ್ನು ತೆಗೆಯುವ ಮೊದಲೇ ನಕಲಿನವರು ಅಲ್ಲಿಗೆ ಬಂದರೆ ಏನಾಗುತ್ತದೆ ಎಂಬುದನ್ನು ಮಾಡಿಸಿ ನೋಡಿ. ಪಾಲಿಮರೇಸ್ ನಿಲ್ಲುತ್ತದೆ, ಬಿಚ್ಚುವವರು ಮಾತ್ರ ಮುಂದೆ ಹೋಗುತ್ತಾರೆ, ಒಂಟಿ ಎಳೆ ಉದ್ದವಾಗುತ್ತದೆ, ಅದನ್ನು ಹಿಡಿದು ನಿಲ್ಲುವ ಬೆರಳುಗಳು ಹೆಚ್ಚಾಗುತ್ತವೆ. ಆರ್‌ಪಿಎ ಹೊದಿಕೆ ಹೀಗೆ ಉದ್ದವಾಗುವುದೇ ಎಟಿಆರ್ ಎಂಬ ಕಿಣ್ವವನ್ನು ಎಬ್ಬಿಸುವ ಗಂಟೆ. ಅದು ವಿಭಜನೆಯನ್ನು ತಡೆಹಿಡಿದು, ಹೊಸ ಕವಲುಗಳು ತೆರೆಯದಂತೆ ಮಾಡಿ, ದುರಸ್ತಿಗೆ ಕಾಲಾವಕಾಶ ಕೊಡುತ್ತದೆ. ಅವಸರವಿದ್ದರೆ ಪಾಲಿಮರೇಸ್ ಈಟಾ ಎಂಬ ಬದಲಿ ಕಿಣ್ವ ಬಂದು ಅಂಟಿದ ಎರಡು ಥೈಮಿನ್‌ಗಳ ಎದುರು ಸಾಮಾನ್ಯವಾಗಿ ಎರಡು ಅಡೆನಿನ್‌ಗಳನ್ನೇ ಇಟ್ಟು ದಾಟಿಸುತ್ತದೆ. ಬೇರೆ ಜಾಗಗಳಲ್ಲಿ ಅದೇ ಕಿಣ್ವ ಸಿಕ್ಕಾಪಟ್ಟೆ ತಪ್ಪು ಮಾಡುವುದರಿಂದ ದಾಟಿಸಿದ ಕೂಡಲೇ ಅದನ್ನು ಹೊರಗೆ ಕಳಿಸಬೇಕಾಗುತ್ತದೆ.

ಕವಲು ಮುರಿದು ಎಳೆಯ ತುದಿಯೇ ಕಳಚಿಬಿದ್ದರೆ, ಜೀವಕೋಶ ಪಕ್ಕದಲ್ಲಿ ಆಗತಾನೇ ಸಿದ್ಧವಾದ ಸೋದರ ಪ್ರತಿಯನ್ನು ನೋಡಿ ಮತ್ತೆ ಬರೆದುಕೊಳ್ಳುತ್ತದೆ. ಸ್ತನ ಕ್ಯಾನ್ಸರಿನ ಮಾತಿನಲ್ಲಿ ಬರುವ ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2 ಕೆಲಸ ಮಾಡುವುದು ಇಲ್ಲಿ. ಪಿಯುಸಿ ತರಗತಿಗೆ ಇಷ್ಟು ಸಾಕು.

ಕೊನೆಯ ಪ್ರಯೋಗ

ಕಾಳುಗಳನ್ನು ಬಳಿಯುವ ಮೊದಲು ಒಂದನ್ನು ಮಾಡಿಸಿ. ಮೂರನೆಯ ಸುತ್ತಿನ ಕಡಲೆ–ಜೋಳದ ತಪ್ಪನ್ನು ತಿದ್ದದೆ ಹಾಗೆಯೇ ಬಿಟ್ಟು, ಆ ಎರಡು ಸಾಲುಗಳನ್ನು ಬೇರ್ಪಡಿಸಿ, ಎರಡಕ್ಕೂ ಹೊಸ ನಕಲು ಮಾಡಿಸಿ. ಈ ಸಲ ಯಾರೂ ಅವಸರ ಮಾಡಬಾರದು, ಪ್ರತಿ ಕಾಳನ್ನೂ ಬೆರಳಿಟ್ಟು ನೋಡಲಿ. ಕಡಲೆಯಿರುವ ಸಾಲಿನ ಎದುರು ಹೆಸರು ಬರುತ್ತದೆ, ಜೋಳ ಕೂತ ಸಾಲಿನ ಎದುರು ಶೇಂಗಾ ಬರುತ್ತದೆ. ಈಗ ಹೊರಗೆ ನಿಂತಿದ್ದ, ಏನೂ ನೋಡದಿದ್ದ ಒಬ್ಬ ವಿದ್ಯಾರ್ಥಿನಿಯನ್ನು ಒಳಗೆ ಕರೆದು, ಎರಡೂ ಜೋಡಿ ಸಾಲುಗಳ ಮೇಲೆ ಬೆರಳಾಡಿಸಿ ತಪ್ಪನ್ನು ಹುಡುಕಲು ಹೇಳಿ. ಅವಳು ಈ ತುದಿಯಿಂದ ಆ ತುದಿಗೆ ಎರಡು ಸಲ ಹೋಗಿ ಬರುತ್ತಾಳೆ. ಎಲ್ಲ ಜೋಡಿಗಳೂ ಸರಿಯಾಗಿವೆ, ಅಗಲ ಎಲ್ಲೆಡೆ ಒಂದೇ ಇದೆ, ಅವಳ ಬೆರಳಿಗೆ ಎಲ್ಲಿಯೂ ಏನೂ ತಟ್ಟುವುದಿಲ್ಲ.